‘ದಿ’ ಬೇಕಾದ ಬೆಳಿಗ್ಗೆ, ಬೇಡವಾದ ರಾತ್ರಿ

ಕಳಸದ ಸುತ್ತಿನ ಮಕ್ಕಳಿಗೆ ಇಂಗ್ಲಿಷನ್ನು ಒಲಿಸಿಕೊಟ್ಟ ಅಧ್ಯಾಪಕರಲ್ಲಿ ಶ್ರೀಮತಿ ಶಂಕರಮ್ಮನವರದು ಮೊದಲ ಪಂಕ್ತಿ. ಅವರ ಶಿಷ್ಯನಾಗಿದ್ದು, ಅನಂತರ ಸಹೋದ್ಯೋಗಿಯೂ ಆದ ನಾನು, ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಒಂದು ಪ್ರಸಂಗವನ್ನು ನೆನೆಯಲು ಬಯಸುತ್ತೇನೆ.

ತೊಂಬತ್ತೊಂದರಲ್ಲಿ ಅವರು ಸಂಸೆ ಸಮೀಪದ ನಮ್ಮ ಪ್ರೌಢಶಾಲೆಗೆ ಬಂದರು. ಕನ್ನಡದ ಬೆಳಿಗ್ಗೆಗೂ ರಾತ್ರಿಗೂ ಮುಂದೊಂದು ಪದ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ಇನ್ ದಿ ಮಾರ್ನಿಂಗ್’, ಆದರೆ ‘ಅಟ್ ನೈಟ್’. ಈ ‘ದಿ’ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಅವರು ಬಾಯಿಪಾಠ ಮಾಡಿಸಲಿಲ್ಲ. ನಾವು ತೋಟಕ್ಕೆ ಹೋದದ್ದು, ಬಸ್ಸು ತಪ್ಪಿಸಿಕೊಂಡದ್ದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿಸಿ ಹೇಳಿಸಿ ನಾಲಿಗೆಗೆ ಹತ್ತಿಸಿದರು.

ಅದೇ ಅವರಿಗೆ ಮುಳುವಾಯಿತು. ನಾವು ಹತ್ತನೆಯ ತರಗತಿಯಲ್ಲಿದ್ದಾಗ, ತಾಲ್ಲೂಕು ಮಟ್ಟದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಉಳಿದ ಶಾಲೆಗಳೆಲ್ಲ ಎಡವಿದ, ‘ದಿ’ ಬೇಕೋ ಬೇಡವೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಎಲ್ಲರೂ ಸರಿಯುತ್ತರ ಬರೆದಿದ್ದೆವು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿತ್ತೆಂಬ ಗುಸುಗುಸು ಎದ್ದಿತು. ಟೀಚರ್ ಒಳಗೆ ಬಂದೊಡನೆ ಸಿಬ್ಬಂದಿ ಕೊಠಡಿಯ ಮಾತು ನಿಲ್ಲುತ್ತಿತ್ತು. ಮುಖ್ಯೋಪಾಧ್ಯಾಯರು ಪ್ರಶ್ನೆಪತ್ರಿಕೆಗಳ ಬೀರುವಿನ ಬೀಗದ ಕೈಯನ್ನು ಅವರಿಂದ ವಾಪಸು ಪಡೆದರು. “ಪೇಪರ್ ಯಾರ್ ಕೊಟ್ರು ಮಾರಾಯ, ನಿಜ ಹೇಳು” ಎಂದು ಅಂಗಡಿಯವರು ನಮ್ಮನ್ನು ಕೆಣಕುತ್ತಿದ್ದರು.

ವಿಚಾರಣೆಗೆ ಬಂದ ಅಧಿಕಾರಿ, ನಮ್ಮ ತರಗತಿಯ, ತೋಟದ ಕೂಲಿಯಾಳು ಅಣ್ಣಮ್ಮನ ಮಗಳು ಭವ್ಯಾಳನ್ನು ಎಬ್ಬಿಸಿದರು. ‘ಅಟ್ ನೈಟ್’ ಎನ್ನುವಾಗ ‘ದಿ’ ಬೇಡವೆಂದಳು.

“ಡ್ಯೂರಿಂಗ್ ಬಂದ್ರೆ?”

“ಬೇಕು ಸಾರ್. ಡ್ಯೂರಿಂಗ್ ದಿ ನೈಟ್.”

“ಈಗಷ್ಟೇ ಬೇಡ ಅಂದೆ! ಯಾರು ಹೇಳ್ಕೊಟ್ಟಿದ್ದು?”

ಹುಡುಗಿ “ಟೀಚರೇ ಹೇಳ್ಕೊಟ್ಟಿದ್ದು ಸಾರ್, ಪಾಠದಲ್ಲಿ” ಎಂದಳು.

“ನೀವೇ ಹೊಸ ವಾಕ್ಯ ಕೊಡಿ ಸಾರ್. ನಾನು ಹೊರಗಿರ್ತೀನಿ” ಎಂದು ಶಂಕರಮ್ಮನವರು ಜಗಲಿಗೆ ನಡೆದರು. ಬರಿಯ ‘ಲಾಸ್ಟ್ ವೀಕ್’ಗೆ ಬೇಡವಾದ ‘ದಿ’, ‘ದಿ ಲಾಸ್ಟ್ ವೀಕ್ ಆಫ್ ಜೂನ್’ ಎಂದಾಗ ಬೇಕಾಗುತ್ತದೆ. ಅಧಿಕಾರಿ ಒಡ್ಡಿದ ಆ ಬಲೆಯನ್ನೂ ನಮ್ಮಲ್ಲಿ ಹೆಚ್ಚಿನವರು ದಾಟಿದೆವು. ಅವರು ನಾವು ಬರೆದುಕೊಟ್ಟ ಹಾಳೆಗಳನ್ನು ಎರಡೆರಡು ಸಲ ನೋಡಿ, ಮಡಚಿಟ್ಟುಕೊಂಡು ಜೀಪು ಹತ್ತಿದರು.

ವಿಚಾರಣೆ ಅಲ್ಲಿಗೇ ನಿಂತಿತು, ಸಂಶಯ ನಿಲ್ಲಲಿಲ್ಲ. ಒಂದು ದಿನ ಅಣ್ಣಮ್ಮ ಶಾಲೆಗೆ ಬಂದು, “ನಮ್ಮ್ ಹುಡ್ಗಿ ಕದ್ದಿಲ್ಲ ಅಂತ ಯಾರೂ ಹೇಳ್ಲೇ ಇಲ್ವಲ್ಲ ಟೀಚರೇ” ಎಂದು ಕಣ್ಣೀರಿಟ್ಟಳು.

“ನಾನು ಹೇಳ್ತೀನಿ, ಬನ್ನಿ.”

ಪ್ರಾರ್ಥನೆಗೆ ನೆರೆದ ಶಾಲೆಯೆದುರು ಆಕೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಟೀಚರ್ ಹೇಳಿದರು: “ಈ ಮಕ್ಕಳು ಕದ್ದು ಬರೆದವರಲ್ಲ, ಕಲಿತು ಬರೆದವರು. ಅನುಮಾನ ಇರೋರು ನನ್ನ ಕ್ಲಾಸಿಗೆ ಬಂದು ಕೂತ್ಕೊಳ್ಳಿ.” ತಮ್ಮ ಪರವಾಗಿ ಒಂದು ಮಾತನ್ನೂ ಆಡಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯರು ನಿಜಕ್ಕೂ ಬಂದು, ಕೈಕಟ್ಟಿ ಕಡೆಯ ಬೆಂಚಿನಲ್ಲಿ ಕುಳಿತರು. ಟೀಚರ್ ನಗುತ್ತ ಅವರನ್ನೂ ಒಂದು ಪ್ರಶ್ನೆ ಕೇಳಿದರು. ಅವರು ತಪ್ಪು ಹೇಳಿದರು. ಯಾರೂ ನಗದಂತೆ ಟೀಚರ್ ನಮ್ಮೆಡೆಗೆ ಕಣ್ಣು ಬಿಟ್ಟು, ಅದೇ ಪಾಠವನ್ನು ಮೊದಲಿನಿಂದ ಆರಂಭಿಸಿದರು.

ನಿವೃತ್ತಿಯ ಅನಂತರವೂ ಶನಿವಾರದ ಪಾಠಕ್ಕೆ ಬರಲು ಒಪ್ಪಿರುವ ಈ ನಮ್ಮ ಗುರುವಿಗೆ ದೀರ್ಘಾಯುಷ್ಯವೂ ಆರೋಗ್ಯವೂ ದೊರೆಯಲಿ. ತಪ್ಪು ಹೇಳಲು ಹೆದರದ ಮಕ್ಕಳು ಅವರೆದುರು ಎಂದೆಂದೂ ತುಂಬಿರಲಿ.