ಆಕೆಯ ಮುಷ್ಟಿಯಲ್ಲಿದ್ದ ವೈಫೈ ಕಾರ್ಡು

ಇಂಥ ಮಾತು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟರೂ ಜೇವರ್ಗಿಯಲ್ಲಿ ಸ್ವಂತ ಕಂಪ್ಯೂಟರ್ ರಿಪೇರಿ ಅಂಗಡಿ ಕಟ್ಟಿದವನು ನಾನು. ಮಷಿನು ಸುಳ್ಳು ಹೇಳುವುದಿಲ್ಲ, ನಿಮ್ಮ ಕಣ್ಣೇ ತಪ್ಪಿರಬೇಕು ಅಂತ ಎಷ್ಟೋ ಮಂದಿಗೆ ಹೇಳಿ ಕಳಿಸಿದ್ದೇನೆ. ಆ ಮಧ್ಯಾಹ್ನದ ಮೇಲೆ ಹಾಗೆ ಹೇಳಲಾರೆ.

ಇಜೇರಿಯ ಮಲ್ಲು ಮದುವೆ ಫೋಟೋ ತೆಗೆಯುವವನು, ನನ್ನ ಕಾಯಂ ಗಿರಾಕಿ. ಭೀಮಾ ನದಿ ತುಂಬಿದಾಗ ಅಫಜಲಪುರದ ಕಡೆ ಒಂದು ಮದುವೆ ಮುಗಿಸಿ ಹೊರಟವನು ಮನೆ ಮುಟ್ಟಲಿಲ್ಲ. ನದಿಯ ದಂಡೆಯಲ್ಲಿ ಬೈಕು ಸಿಕ್ಕಿತು, ಅವನು ಸಿಗಲಿಲ್ಲ. ಹೆಣವಿಲ್ಲದೆಯೇ ಸೋಮವಾರ ದಿನಕರ್ಮ ಮುಗಿಸುವುದೆಂದು ಮನೆಯವರು ನಿಶ್ಚಯಿಸಿದರು. ಅಂದರೆ ಅವನ ಹೆಂಡತಿ ಶಾಂತಮ್ಮ ತಾಳಿ ತೆಗೆಯಬೇಕು.

ಅದಕ್ಕೂ ಮೊದಲು ಆಕೆ ಮೈದುನನ ಜೊತೆ ಮಲ್ಲುವಿನ ಲ್ಯಾಪ್‌ಟಾಪ್ ತಂದಳು. ಅದರ ವೈಫೈ ಕೆಟ್ಟಿತ್ತು. ಮಲ್ಲು ಫೋನಿನಲ್ಲಿ ತೆಗೆದ ಫೋಟೋಗಳು ತಾವಾಗಿಯೇ ನೆಟ್ಟಿಗೆ ಏರುತ್ತಿದ್ದವು, ಪಾಸ್‌ವರ್ಡ್ ಇಲ್ಲದೆ ತೆರೆಯುವುದು ಈ ಲ್ಯಾಪ್‌ಟಾಪಿನಲ್ಲಷ್ಟೇ. ಕಡೆಯ ಫೋಟೋ ಎಲ್ಲಿಯದು ಎಂದು ನೋಡಬೇಕಿತ್ತು ಆಕೆಗೆ.

“ನದಿ ಒಯ್ದದ್ದು ಲ್ಯಾಪ್‌ಟಾಪ್ ಕೊಡ್ತೈತೇನ್ರಿ ವೈನಿ?” ಅಂದ ಮೈದುನ.

“ನೀ ಸುಮ್ನ ಕೂಡಪಾ. ನೀವು ಬಿಚ್ರಿ ಅಣ್ಣಾ.”

ಬಿಚ್ಚಿದ ಸಾಮಾನನ್ನು ಆಗಲೇ ಗಿರಾಕಿಯ ಕೈಗೆ ಕೊಡುವುದು ನನ್ನ ಅಂಗಡಿಯ ರಿವಾಜು. ಬದಲಿಸಿದಿ ಅಂತ ಯಾರೂ ಅನ್ನಬಾರದು. ಎರಡು ಬೆರಳಗಲದ ಸತ್ತ ಕಾರ್ಡನ್ನು ಶಾಂತಮ್ಮನ ಅಂಗೈಗೆ ಇಟ್ಟೆ. ಆಕೆ ಮುಷ್ಟಿ ಕಟ್ಟಿದಳು.

ಬದಲಿಗೆ ಹೊರಗಿನಿಂದ ಚುಚ್ಚುವ ಯುಎಸ್‌ಬಿ ವೈಫೈ ಹಾಕುವವನಿದ್ದೆ. ಅದಕ್ಕೂ ಮುಂಚೆ ಮಷಿನು ಒಮ್ಮೆ ಯಾವ ಕಾರ್ಡೂ ಇಲ್ಲದೆ ಚಾಲೂ ಮಾಡಿ ನೋಡುವುದು ರೂಢಿ. ವೈಫೈ ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಮೊದಲು ಹುಡುಕುವುದು, ಸಾಮಾನು ಯಾವ ಬಸ್ಸಿನ ಮೇಲಿದೆ ಎಂದು. ಬಸ್ಸೆಂದರೆ ಸಾಮಾನಿಗೂ ಮಷಿನಿಗೂ ನಡುವೆ ಸುದ್ದಿ ಓಡಾಡುವ ಹಾದಿ. ಒಳಗೆ ಕೂಡಿಸಿದ ಕಾರ್ಡಾದರೆ ಪಿಸಿಐ, ಹೊರಗಿಂದ ಚುಚ್ಚಿದ್ದಾದರೆ ಯುಎಸ್‌ಬಿ. ಎರಡೂ ಇಲ್ಲದಿದ್ದರೆ ಡ್ರೈವರ್ ಸುಮ್ಮನಿರಬೇಕು. ಆ ಕೋಡನ್ನು ನಾನು ಕುಂತು ಓದಿದ್ದೇನೆ, ಅಲ್ಲಿ ಊಹೆಗೆ ಜಾಗವಿಲ್ಲ.

ಪರದೆಯ ಮೇಲೆ ಬಂತು: ಪಿಸಿಐ, ಕಾರ್ಡು ಸಿಕ್ಕಿದೆ.

ಆರಿಸಿ ಮತ್ತೆ ಹಚ್ಚಿದೆ. ಅದೇ ಸಾಲು. ಟಾರ್ಚು ಬಿಟ್ಟು ನೋಡಿದೆ, ಕಾರ್ಡಿನ ಜಾಗ ಖಾಲಿ.

“ಅಕ್ಕಾ, ಕಾರ್ಡ್ ನಿಮ್ಮ ಕೈಯಾಗೇ ಐತಲ್ರಿ?”

ಆಕೆ ಮುಷ್ಟಿ ತೆರೆದು ತೋರಿಸಿದಳು. ಅಷ್ಟರಲ್ಲಿ ಪರದೆಯ ಮೇಲೆ ಒಂದೇ ಒಂದು ನೆಟ್‌ವರ್ಕಿನ ಹೆಸರು ಮೂಡಿತು. ನನ್ನ ಅಂಗಡಿಯದಲ್ಲ, ಪಕ್ಕದವರದೂ ಅಲ್ಲ. ಮಲ್ಲುವಿನ ಜೊತೆಗೇ ಹೋದ ಅವನ ಫೋನಿನ ಹಾಟ್‌ಸ್ಪಾಟ್. ಸಿಗ್ನಲ್ ಪೂರಾ ಇತ್ತು, ಅಂದರೆ ಫೋನು ಹತ್ತಿರದಲ್ಲೇ ಇರಬೇಕು. ಲ್ಯಾಪ್‌ಟಾಪ್ ಏನೂ ಕೇಳದೆ ಅದಕ್ಕೆ ಜೋಡಿಸಿಕೊಂಡಿತು.

ಮೈದುನ ಆ ನಂಬರಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಎದ್ದು ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದ, ಯಾರೂ ಇರಲಿಲ್ಲ. ಅಷ್ಟರೊಳಗೆ ಹೆಸರು ಅಳಿಸಿಹೋಗಿತ್ತು.

“ಸೋಮವಾರ ಯಾರೂ ಬರಬ್ಯಾಡ್ರಿ ಅಂತ ಹೇಳಪಾ,” ಅಂದಳು ಶಾಂತಮ್ಮ. “ಅವ್ರು ಅದಾರ.”

ಯುಎಸ್‌ಬಿ ಚುಚ್ಚಿದೆ. ಡ್ರೈವರ್ ಯುಎಸ್‌ಬಿ ಎಂದೇ ಹೇಳಿತು, ನೆಟ್ ಬಂತು. ಕಡೆಯ ಫೋಟೋ ಮದುವೆ ಊಟದ ಪಂಕ್ತಿಯದು. ನದಿಯದಲ್ಲ.

ಕಾರ್ಡು ಇದ್ದಾಗಿನ ಹಳೆಯ ಸಾಲನ್ನೇ ಮಷಿನು ಮತ್ತೆ ತೋರಿಸಿತೇ ಎಂದು ಎಷ್ಟೋ ಸಲ ಯೋಚಿಸಿದೆ. ಹಳೆಯ ಸಾಲು ನೆಟ್‌ವರ್ಕ್ ಜೋಡಿಸುವುದಿಲ್ಲ; ಜೋಡಿಸಿದ್ದನ್ನು ನಾವು ಮೂವರೂ ಕಂಡಿದ್ದೇವೆ. ಆಳಂದದಲ್ಲಿ ಇದೇ ಕೆಲಸ ಮಾಡುವ ಗೆಳೆಯನಿಗೆ ಹೇಳಿದರೆ, “ನಿದ್ದಿಗೆಟ್ಟು ದುಡೀಬ್ಯಾಡಲೇ” ಅಂದು ನಕ್ಕ. ಮೊದಲಾದರೆ ನಾನೂ ನಗುತ್ತಿದ್ದೆ.

ಹೆಣ ಇವತ್ತಿಗೂ ಸಿಕ್ಕಿಲ್ಲ, ಮನುಷ್ಯನೂ ಬಂದಿಲ್ಲ. ದಿನಕರ್ಮ ನಿಂತದ್ದಕ್ಕೆ ಮಲ್ಲುವಿನ ಮನೆಯವರು ನನ್ನನ್ನು ಬೈಯುತ್ತಾರೆ. ಅದು ಮಷಿನಿನ ತಪ್ಪು, ನಂಬಬೇಡಿರಿ ಅಂತ ಹೇಳಲು ಒಮ್ಮೆ ಇಜೇರಿಗೆ ಹೋದೆ. ಬಾಗಿಲಲ್ಲೇ ಕಂಡಿತು: ಆ ಕಾರ್ಡಿಗೆ ದಾರ ಹಾಕಿ ಆಕೆ ತಾಳಿಯ ಜೊತೆ ಕಟ್ಟಿಕೊಂಡಿದ್ದಳು.

“ಚಹಾ ಕುಡೀತೀರಿ ಅಣ್ಣಾ?” ಅಂದಳು.

ಕುಡಿದು ಬಂದೆ.