ಗುರುತು ತಿದ್ದಿಸಿದ ಬಸವಣ್ಣ

ಕಳೆದ ವರ್ಷ ದಸರೆಯ ಖಂಡೆ ಪೂಜೆಯ ದಿನ ಮುಂಜಾನೆ ನಮ್ಮವ್ವ ಹೋಳಿಗೆ ಬೇಡ ಎಂದಳು. ನಮ್ಮ ಮನೆಯನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರು ತಿಳಿಯಬೇಕಾದದ್ದು ಏನೆಂದರೆ, ಅವ್ವ ಹೋಳಿಗೆ ಬೇಡ ಎಂದದ್ದನ್ನು ನನ್ನ ಇಪ್ಪತ್ತಾರು ವರ್ಷಗಳಲ್ಲಿ ನಾನು ಕೇಳಿರಲಿಲ್ಲ. ಹೊಟ್ಟೆಯ ಬಲಗಡೆ ಕೈ ಒತ್ತಿ ಹಿಡಿದು ಒಲೆಯ ಮುಂದೆಯೇ ಕುಳಿತುಬಿಟ್ಟಳು.

ಕೆರೆ ದಂಡೆಯ ಬಸವಣ್ಣನ ಗುಡಿಯಲ್ಲಿ ಸೋಮವಾರದ ಭಜನೆಗೆ ಸೇರುವ ಹಿರಿಯರೇ, ಅಕ್ಕಂದಿರೇ, ಆ ದಿನ ನಡೆದದ್ದನ್ನು ಬರೆದು ಕೊಡು ಎಂದು ನೀವು ಕೇಳುತ್ತಲೇ ಇದ್ದಿರಿ, ನಾನು ಮುಂದೂಡುತ್ತಲೇ ಬಂದೆ. ಬಸವಣ್ಣ ಮಾಡಿದ್ದನ್ನು ಹೇಳಬೇಕೆಂದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ. ತೊಡಕಿದ್ದದ್ದು ಅಲ್ಲಿಯೇ.

ನಾನು ಬಿ.ಸಿ.ಎ. ಓದಿದವಳು. ನವಲಗುಂದದ ಒಂದು ಸಣ್ಣ ಆಸ್ಪತ್ರೆಯಲ್ಲಿ ಚೀಟಿ ಮಾಡುವುದು, ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಆಸ್ಪತ್ರೆ ನಡೆಸುವವರು ಒಬ್ಬ ಡಾಕ್ಟರಮ್ಮ, ನಮ್ಮ ಬಾಯಲ್ಲಿ ಬಾಯಾರು. ಅವರ ಮಾವನವರನ್ನು ನಾವೆಲ್ಲ ಅಜ್ಜಾರು ಎನ್ನುತ್ತೇವೆ. ಪೂಜೆ, ಪಂಚಾಂಗ, ನಲ್ಲಿಯ ನೀರು ಈ ಮೂರೂ ಅಜ್ಜಾರ ಸುಪರ್ದಿನಲ್ಲಿವೆ.

ಖಂಡೆ ಪೂಜೆಗೆ ನಮ್ಮಲ್ಲಿ ಕತ್ತರಿ, ಚಿಮಟ, ತೂಕದ ಯಂತ್ರ ಎಲ್ಲದಕ್ಕೂ ವಿಭೂತಿ ಬೀಳುತ್ತದೆ. ಪೂಜೆಗಿಟ್ಟದ್ದನ್ನು ಮರುದಿನ ಸಂಜೆ ಬನ್ನಿ ಕೊಡುವವರೆಗೆ ಮುಟ್ಟುವಂತಿಲ್ಲ. ತುರ್ತು ಆಪರೇಷನ್ನಿಗೆಂದು ಬಾಯಾರು ಒಂದು ಸೆಟ್ಟನ್ನು, ಸ್ಕ್ಯಾನ್ ಯಂತ್ರವನ್ನು ಮಾತ್ರ ಪೂಜೆಯಿಂದ ಹೊರಗಿಡುತ್ತಾರೆ. ಕಂಪ್ಯೂಟರಿಗೆ ಆ ರಿಯಾಯಿತಿ ಇಲ್ಲ. ಅಂದು ಚೀಟಿಗಳನ್ನು ಕೈಯಲ್ಲಿ ಬರೆಯುತ್ತೇವೆ.

ಪೂಜೆಯ ಹಿಂದಿನ ದಿನ ಆಸ್ಪತ್ರೆಯಲ್ಲಿ ಎಲ್ಲರೂ ಗೋಡೆ ಒರೆಸುತ್ತಿದ್ದರು, ಕಪಾಟು ತೊಳೆಯುತ್ತಿದ್ದರು. ನಾನೊಬ್ಬಳೇ ಕುಳಿತಿದ್ದರೆ ಚೆನ್ನಾಗಿ ಕಾಣಲಿಕ್ಕಿಲ್ಲ ಎಂದು ಕಂಪ್ಯೂಟರಿನ ಒಳಗನ್ನೂ ಸ್ವಚ್ಛ ಮಾಡಿದೆ. ರೋಗಿಗಳ ಹಳೆಯ ದಾಖಲೆಗಳ ಇಡೀ ಗಂಟನ್ನು ರಿಪೇರಿಗೆಂದು ನನ್ನ ಸ್ವಂತ ಫೋಲ್ಡರಿನಲ್ಲಿ ತಂದಿಟ್ಟುಕೊಂಡಿದ್ದೆ. ಹಬ್ಬದ ಹೊತ್ತಿನಲ್ಲಿ ಒಂದೇ ಸಾಮಾನು ಎರಡು ಕಡೆ ಬಿದ್ದಿರಬಾರದು ಎಂದುಕೊಂಡು ನಕಲು ಮಾಡಲಿಲ್ಲ. ಇದ್ದದ್ದನ್ನೇ ಎತ್ತಿ ಅದರ ಜಾಗಕ್ಕೆ ಸಾಗಿಸಿದೆ. ಒಮ್ಮೆ ತೆರೆದು ನೋಡಬೇಕು ಎನ್ನುವಷ್ಟರಲ್ಲಿ ಅಜ್ಜಾರು ಚೆಂಡುಹೂವಿನ ಮಾಲೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮುಗೀತಿಲ್ಲೇನವಾ? ಬಂದ್ ಮಾಡಿನ್ನ. ಅದೂ ಒಂದ ದಿನಾ ಮಲಗಲಿ."

ಬಂದ್ ಮಾಡಿದೆ.

ಅಪ್ಪ ಹಬ್ಬಕ್ಕೆಂದು ಅಣ್ಣಿಗೇರಿಗೆ, ನನ್ನ ಸೋದರತ್ತೆಯ ಮನೆಗೆ ಹೋಗಿದ್ದ. ನಮ್ಮೂರು ತಿರ್ಲಾಪುರದಲ್ಲಿ ನಾನೇ ಅವ್ವನನ್ನು ನವಲಗುಂದದ ಬಸ್ಸು ಹತ್ತಿಸಿದೆ. ಬಸ್ಸಿನ ಮೂತಿಗೆ ಬಾಳೆಕಂಬ, ಒಳಗೆಲ್ಲ ಕಬ್ಬಿನ ಹೊರೆ. ಸೀಟೇನೋ ಸಿಕ್ಕಿತು, ಆದರೆ ಪಕ್ಕದ ಹೆಣ್ಣುಮಗಳ ಕುಂಬಳಕಾಯಿ ಅವ್ವನ ತೊಡೆಗೆ ಬಂತು. ಅವ್ವ ನರಳಿದ್ದನ್ನು ಕೇಳಿ ಕಂಡಕ್ಟರ್ ತಿರುಗಿ ನೋಡಿದ.

"ಏನಾಗೇತ್ರಿ ಯವ್ವಾ?"

"ಹೊಟ್ಟಿ ಬ್ಯಾನಿಪಾ."

"ಹಬ್ಬದಾಗ ಎಲ್ಲಾರಿಗೂ ಆಗತೈತ್ರಿ. ಹೋಳಿಗಿ ಸ್ವಲ್ಪ ಕಡಿಮಿ ತಿನ್ನಬೇಕು."

"ತಿಂದಿಲ್ಲೋ ಮಾರಾಯಾ! ತಿಂದು ಬ್ಯಾನಿ ಆಗಿದ್ರ ಇಷ್ಟ್ಯಾಕ ಅಳತಿದ್ದೆ!"

ಬಾಯಾರು ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿ, ಅಪೆಂಡಿಕ್ಸ್ ಎಂದರು. ಅವತ್ತೇ ತೆಗೆಯಬೇಕು. ಮೊದಲು ಒಂದು ಇಂಜೆಕ್ಷನ್ ಕೊಡಬೇಕು.

"ಯಾವುದರೆ ಔಷಧ ಮೈಗೆ ಆಗಂಗಿಲ್ಲೇನ್ರಿ?" ಎಂದು ಕೇಳಿದರು.

"ಆಗಂಗಿಲ್ರಿ!" ಎಂದಳು ಅವ್ವ, ಇದಕ್ಕಾಗಿಯೇ ಕಾದಿದ್ದವಳಂತೆ. "ಐದು ವರ್ಷದ ಹಿಂದ ಇಲ್ಲೇ, ನಿಮಕಿಂತ ಮದಲ ಇದ್ದ ಡಾಕ್ಟರು ಒಂದ ಔಷಧ ಕೊಟ್ರು. ಮಾರಿ ಬಾತು, ಉಸರ ನಿಂತ್ಹೋತು. ನಮ್ಮ ಮನಿಯವ್ರು ಅಳೂದ ನೋಡಾಕಾಗದ ತಿರಿಗಿ ಬಂದೆ."

"ಔಷಧದ ಹೆಸರೇನು?"

"ಹೆಸರು ಯಾರಿಗೆ ಗೊತ್ರಿ? ಹಳದಿ ಔಷಧ. ಬಿಳಿದು ಆಗತೈತ್ರಿ ನನಗ. ಅಗದಿ ಚೊಲೊ ಆಗತೈತಿ."

"ಬಣ್ಣದ ಮ್ಯಾಲೆ ಔಷಧ ಕೊಡಾಕ ಬರಂಗಿಲ್ರಿ. ಆಗ ಕೊಟ್ಟ ಕಾಗದ ಎಲ್ಲೈತಿ?"

"ಉಪ್ಪಿನಕಾಯಿ ಭರಣಿಗೆ ಮುಚ್ಚಿದ್ದೆ. ಎಣ್ಣಿ ಕುಡದು ಹೋತು."

ಬಾಯಾರು ನನ್ನ ಕಡೆ ತಿರುಗಿದರು. "ಗಿರಿಜಾ, ಹಳೆ ದಾಖಲೆ ತಗಿ. ಲಗೂ."

ಕಂಪ್ಯೂಟರಿನ ಮುಂದೆ ಅಜ್ಜಾರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪರದೆಯ ಮೇಲೆ ಮೂರು ಬೆರಳಿನ ವಿಭೂತಿ, ಕೀಲಿಮಣೆಯ ಮೇಲೆ ಎಲೆ ಅಡಿಕೆ.

"ಅದು ಪೂಜಿಗೆ ಕುಂತೇತಿ, ಮುಟ್ಟಬ್ಯಾಡ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಜೂ ಕೋಣೆಯ ಮಂಚದಿಂದ ಅವ್ವನ ದನಿ ಬಂತು. "ಅಜ್ಜಾರ! ನನ್ನ ಹೊಟ್ಟಿಗೂ ಒಂದ ಮಾತ ಹೇಳ್ರಿ, ನಾಳಿ ಬನ್ನಿ ಕೊಡೂತನಕಾ ಸುಮ್ಮನ ಕುಂದರು ಅಂತ!"

ಅಜ್ಜಾರು ಕ್ಷಣಹೊತ್ತು ಯೋಚಿಸಿದರು. ಆಮೇಲೆ ಎದ್ದು, "ಸುಮ್ಮನ ಎಬ್ಬಸಬಾರದು," ಎಂದು ಒಂದು ತೆಂಗಿನಕಾಯಿ ತಂದು ಕಂಪ್ಯೂಟರಿನ ಎದುರಿಗೇ ಒಡೆದರು. ನೀರು ವೈರುಗಳತ್ತ ಹರಿದದ್ದನ್ನು ನನ್ನ ಓಢಣಿಯಿಂದ ಒತ್ತಿ ಹಿಡಿದೆ. ಅವರು ಕೈಮುಗಿದು, "ತಪ್ಪಾತಪಾ, ಹೆಣ್ಣುಮಗಳ ಜೀವದ ಮಾತು, ಏಳು," ಎಂದು ಮಾಲೆ ತೆಗೆದರು.

ಕಂಪ್ಯೂಟರ್ ಎದ್ದಿತು. ದಾಖಲೆಗಳು ಏಳಲಿಲ್ಲ. "ಅನುಮತಿ ಇಲ್ಲ" ಎಂದಷ್ಟೇ ಬಂತು.

ದಾಖಲೆಗಳ ಒಡೆತನ ಯಾರ ಹೆಸರಿಗಿದೆ ಎಂದು ನೋಡಿದೆ. ಸರಿಯಾಗಿತ್ತು. ಯಾರು ಬೇಕಾದರೂ ಓದಲಿ, ಬರೆಯಲಿ ಎಂದು ಬಾಗಿಲೆಲ್ಲ ತೆರೆದೆ. ಮತ್ತೆ ಅನುಮತಿ ಇಲ್ಲ. ಕಡತವನ್ನು ನೇರವಾಗಿ ಬಿಚ್ಚಿ ನೋಡಿದರೆ, ಹರವಿದ ಹಿಟ್ಟಿನ ಮೇಲೆ ಗುಬ್ಬಿ ನಡೆದಾಡಿದಂತೆ ಕಂಡಿತು. ಅದನ್ನು ಓದಿ ಹೇಳಬೇಕಾದ ದಾಖಲೆಗಳ ಪ್ರೋಗ್ರಾಮೇ ಒಳಗೆ ಹೋಗಲಾರದೆ ನಿಂತಿತ್ತು. ನಿನ್ನೆ ನಾನು ಕೈ ಹಾಕುವವರೆಗೂ ಎಲ್ಲ ನೆಟ್ಟಗಿತ್ತು. ಕೆಡಿಸಿದವಳು ನಾನೇ.

ಇನ್ನು ಮುಂದಿನದು ನನಗೆ ದಿನಾ ಕಣ್ಣಿಗೆ ಕಟ್ಟುವ ಗಳಿಗೆ. ಎದ್ದು ಬಾಯಾರ ಹತ್ತಿರ ಹೋದೆ. "ಸಿಕ್ತೇನು?" ಎಂದರು. ನಾನು ಕೆಡಿಸಿದ್ದೇನೆ ಎನ್ನಲು ನಾಲಿಗೆ ಏಳಲಿಲ್ಲ.

"ಮಷಿನ್ ಸ್ವಲ್ಪ ತಡಾ ಮಾಡಾಕತ್ತೇತ್ರಿ," ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆದ್ರ ನಮ್ಮವ್ವನ ನೆನಪು ಭಾಳ ಚೊಲೊ ಐತ್ರಿ ಬಾಯಾರ. ಯಾರ ಲಗ್ನದಾಗ ಎಷ್ಟು ಬುಂದೆ ಕೊಟ್ಟಿದ್ರು ಅಂತ ಈಗೂ ಹೇಳ್ತಾಳ. ಬಿಳಿದು ಆಗತೈತಿ ಅಂದ್ರ ಆಗತೈತ್ರಿ. ಕೊಟ್ಟಬಿಡ್ರಿ."

ಮಂಚದ ಮೇಲಿಂದ ಅವ್ವ ಹೆಮ್ಮೆಯಿಂದ ತಲೆ ಆಡಿಸಿದಳು.

ಬಾಯಾರು ನನ್ನನ್ನೇ ನೋಡಿದರು. "ಅರ್ಧಾ ತಾಸು ಕೊಡ್ತೀನಿ. ಹೆಸರು ಸಿಗಲಿಲ್ಲಾಂದ್ರ ಹುಬ್ಬಳ್ಳಿಗೆ ಕಳಸೂದ. ಈ ಹಬ್ಬದ ಗದ್ದಲದಾಗ, ದಾರ್ಯಾಗ ಅದು ಒಡೀತಂದ್ರ ಕಷ್ಟ ಐತಿ. ಹೋಗು, ನೋಡು."

ಆಪರೇಷನ್ ಥಿಯೇಟರಿನ ಮುಂದಿನ ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿದೆ. ಬಸವಣ್ಣಾ, ನಕಲು ಮಾಡಿ ಇಡಬೇಕಿತ್ತು, ಇಡಲಿಲ್ಲ. ತೆರೆದು ನೋಡಬೇಕಿತ್ತು, ನೋಡಲಿಲ್ಲ. ಸುಳ್ಳು ಹೇಳಬಾರದಿತ್ತು, ಹೇಳಿದೆ. ಅವ್ವ ಬೇಕು. ದಾರಿ ತೋರಿಸು. ಇಷ್ಟೇ ನನ್ನ ಪ್ರಾರ್ಥನೆ. ಅದನ್ನು ಎರಡನೇ ಸಲ ಹೇಳುತ್ತಿದ್ದಾಗ ನನ್ನ ತಲೆಯ ಮೇಲೆಯೇ ಜಗಳ ಶುರುವಾಯಿತು. ಇಂಥ ಹೊತ್ತಿನಲ್ಲೂ ಒಂದು ಗಳಿಗೆ ಶಾಂತಿ ಕೊಡಲಾರೆಯಾ ಎಂದು ದೇವರ ಮೇಲೆ ಸಿಟ್ಟೇ ಬಂತು.

ಜಗಳವಾಡುತ್ತಿದ್ದವರು ಥಿಯೇಟರಿನ ಸಿಸ್ಟರ್ ಶಕುಂತಲಾ ಮತ್ತು ಬಟ್ಟೆ ಒಗೆಯುವ ಅಮೀನಾಬಿ. ನಮ್ಮ ಆಸ್ಪತ್ರೆಯ ಚಾದರಗಳ ಮೂಲೆಯಲ್ಲಿ ದಾರದ ಗುರುತು ಇರುತ್ತದೆ. ಥಿಯೇಟರಿನದಕ್ಕೆ ಕೆಂಪು, ವಾರ್ಡಿನದಕ್ಕೆ ಹಸಿರು. ಅಮೀನಾಬಿ ಅವ್ವನ ಆಪರೇಷನ್ನಿಗೆ ಚಾದರ ತಂದಿದ್ದಳು. ಸಿಸ್ಟರ್ ಬಾಗಿಲಿಗೆ ಅಡ್ಡ ಕೈ ಇಟ್ಟಿದ್ದರು.

"ಇದು ಒಳಗ ಬರಂಗಿಲ್ಲ."

"ಯಾಕ ಬರಂಗಿಲ್ರಿ? ಕುದಿಸೀನಿ, ಒಣಗಿಸೀನಿ, ಇಸ್ತ್ರಿ ಮಾಡೀನಿ. ನಿಮ್ಮ ಸೀರಿಕಿಂತ ಸ್ವಚ್ಛ ಐತಿ."

"ಸ್ವಚ್ಛ ಇರವಲ್ದ್ಯಾಕ. ಮೂಲ್ಯಾಗ ಹಸರು ದಾರ ಐತಿ."

"ಇದು ಮದಲ ಥೇಟರಿಂದ ಇತ್ರೀ ಸಿಸ್ಟರಬಾಯಿ. ವಾರ್ಡಿಗೆ ಹೋದಾಗ ಹಸರು ಹಾಕಿದ್ರು. ಈಗ ತಿರಿಗಿ ತನ್ನ ಜಾಗಾಕ್ಕ ಬಂದೇತಿ."

"ಜಾಗಾಕ್ಕ ಬಂದ್ರ ಆತೇನು? ದಾರ ಹಳೇದ ಐತೆಲ್ಲ! ಬಾಯಾರ ಸ್ವತಾ ಹೊತಗೊಂಡು ಬಂದ್ರೂ ಹಸರು ದಾರ ನಾ ಒಳಗ ಬಿಡಂಗಿಲ್ಲ. ಅದನ್ನ ಬಿಚ್ಚು, ಈ ಜಾಗಾದ್ದು ಹಾಕು, ತಗೊಂಬಾ."

ನಾನು ಎದ್ದು ನಿಂತೆ.

ನಮ್ಮ ಕಂಪ್ಯೂಟರಿನಲ್ಲಿಯೂ ಸಿಸ್ಟರ್ ಶಕುಂತಲಾರಂಥ ಒಬ್ಬ ಕಾವಲುಗಾರನಿದ್ದಾನೆ. ಪ್ರತಿ ಕಡತಕ್ಕೂ ಒಡೆಯನ ಹೆಸರಲ್ಲದೆ ಒಂದು ಭದ್ರತೆಯ ಗುರುತು ಇರುತ್ತದೆ. ಇದು ಯಾರೊಬ್ಬರ ಸ್ವಂತದ್ದು, ಇದು ದಾಖಲೆಗಳ ಪ್ರೋಗ್ರಾಮಿನದು, ಹೀಗೆ. ಹೊಸ ಜಾಗದಲ್ಲಿ ನಕಲು ಮಾಡಿದರೆ ಆ ಜಾಗದ ಗುರುತು ತಾನಾಗಿ ಬೀಳುತ್ತದೆ. ಇದ್ದದ್ದನ್ನೇ ಎತ್ತಿ ಸಾಗಿಸಿದರೆ ಹಳೆಯ ಗುರುತೂ ಜೊತೆಗೇ ಹೋಗುತ್ತದೆ. ನಾನು ಸಾಗಿಸಿದ ದಾಖಲೆಗಳು ತಮ್ಮ ಮನೆಯಲ್ಲಿ ಕುಳಿತು, ನನ್ನ ಫೋಲ್ಡರಿನ ಗುರುತು ತೋರಿಸುತ್ತಿದ್ದವು. ಬಾಗಿಲು ಎಷ್ಟು ತೆರೆದರೂ ಕಾವಲುಗಾರ ಬಿಡುವವನಲ್ಲ. ಇದೆಲ್ಲ ನಾನು ಓದಿದ್ದೇ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಓಡಿಹೋಗಿ ಕುಳಿತೆ. ಕಾವಲುಗಾರನನ್ನೇ ಮಲಗಿಸಿಬಿಡುವ ಅಡ್ಡದಾರಿಯೊಂದಿದೆ. ಆದರೆ ಸಿಸ್ಟರ್ ದನಿ ಇನ್ನೂ ಕಿವಿಯಲ್ಲಿತ್ತು, ಧೈರ್ಯ ಬರಲಿಲ್ಲ. ಆ ಒಂದು ಫೋಲ್ಡರಿಗೆ, ಅದರೊಳಗಿನ ಎಲ್ಲಕ್ಕೂ, ಆ ಜಾಗಕ್ಕೆ ನೇಮಿಸಿದ ಮೂಲ ಗುರುತನ್ನೇ ಮರಳಿ ಹಾಕು ಎನ್ನುವ ಆಜ್ಞೆಯೊಂದಿದೆ. ರಿಸ್ಟೋರ್‌ಕಾನ್ ಎಂದು ಅದರ ಹೆಸರು. ಎಲೆ ಅಡಿಕೆ ಸರಿಸಿ ಅದನ್ನು ಹೊಡೆದೆ. ಪರದೆಯ ಮೇಲೆ ಒಂದೊಂದೇ ಸಾಲು ಓಡಿತು. ಈ ಕಡತ, ಹಳೆಯ ಗುರುತು, ಹೊಸ ಗುರುತು. ಪ್ರೋಗ್ರಾಮ್ ಮತ್ತೆ ಶುರು ಮಾಡಿದೆ. ತೆರೆಯಿತು.

"ಗಂಗವ್ವ" ಎಂದು ಅವ್ವನ ಹೆಸರು ಹಾಕಿ ಹುಡುಕಿದರೆ ನವಲಗುಂದ ತಾಲೂಕಿನ ಅರ್ಧ ಹೆಣ್ಣುಮಕ್ಕಳು ಬಂದು ನಿಂತರು. ಊರಿನ ಹೆಸರು ಸೇರಿಸಿದೆ, ಅಪ್ಪನ ಹೆಸರು ಸೇರಿಸಿದೆ. ಅವ್ವನ ಪುಟ ಬಂತು. ಕೊಡಬಾರದ ಔಷಧದ ಹೆಸರು ಕೆಂಪಕ್ಷರದಲ್ಲಿತ್ತು.

ಬಾಯಾರು ನನ್ನ ಹೆಗಲ ಮೇಲಿಂದ ಓದಿದರು. ಒಳಗೆ ಹೋಗಿ ಒಂದು ಸಣ್ಣ ಸೀಸೆ ತಂದು ನನ್ನ ಮುಂದಿಟ್ಟರು. ಸೀಸೆಯ ಮೇಲೆ ಅದೇ ಹೆಸರು. ಒಳಗಿನ ಪುಡಿ ಹಾಲಿನಂತೆ ಬೆಳ್ಳಗಿತ್ತು.

"ಇದ ನಿಮ್ಮವ್ವನ ಬಿಳಿ ಔಷಧ," ಎಂದರು.

ಹಳದಿಯದು ಅಂದು ಅವಳ ಉಸಿರು ಮರಳಿದ ಮೇಲೆ ಸಲೈನಿನಲ್ಲಿ ಬೆರೆಸಿ ಏರಿಸಿದ ಶಕ್ತಿಯ ಔಷಧವಂತೆ. ಕಣ್ಣು ಬಿಟ್ಟಾಗ ಅವಳಿಗೆ ಮೊದಲು ಕಂಡದ್ದು ಅದು. ಐದು ವರ್ಷ ಅವ್ವ ಅದನ್ನೇ ಬೈಯುತ್ತ ಬಂದಿದ್ದಳು. ನಾನು ಆ ನೆನಪಿಗೆ ಜಾಮೀನು ನಿಂತಿದ್ದೆ.

ಅಲ್ಲಿಯೇ ಬಾಯಾರಿಗೆ ಎಲ್ಲ ಹೇಳಿಕೊಂಡೆ. "ಆಮ್ಯಾಲೆ ಅಳೂವಂತಿ, ಮದಲ ಸಹಿ ಮಾಡು," ಎಂದು ಆಪರೇಷನ್ನಿನ ಕಾಗದ ಮುಂದೆ ಹಿಡಿದರು. ಬೇರೆ ಔಷಧ ಕೊಟ್ಟರು. ಕೆಂಪು ದಾರದ ಚಾದರ ಒಳಗೆ ಹೋಯಿತು, ಹಿಂದೆಯೇ ಅವ್ವ ಹೋದಳು. ಸಂಜೆ ಅಪ್ಪ ಬರುವ ಹೊತ್ತಿಗೆ ಅವ್ವ ಕಣ್ಣು ಬಿಟ್ಟು, ಹೋಳಿಗೆ ಯಾರಾದರೂ ಮುಚ್ಚಿಟ್ಟಿದ್ದಾರೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು.

ಅಮೀನಾಬಿಯ ಕೈ ಹಿಡಿದು, ನಿನ್ನ ಬಾಯಲ್ಲಿ ನಮ್ಮ ಬಸವಣ್ಣ ಮಾತಾಡಿದ ಎಂದೆ. "ಹಂಗಾರ ಸಿಸ್ಟರಬಾಯಿಗೆ ನಾ ಬೈದದ್ದೂ ಅವನ ಲೆಕ್ಕಕ್ಕ ಹಾಕ್ರಿ," ಎಂದಳು.

ಅದು ಬರೀ ಕಾಕತಾಳೀಯ ಎನ್ನುವವರಿದ್ದಾರೆ. ಕಾಲೇಜು ಕಲಿತವಳು ನಾನೂ ಹಾಗೆ ಅನ್ನಬಹುದಿತ್ತು. ಆದರೆ ಅರ್ಧ ತಾಸಿನೊಳಗೆ, ನಾನು ಕೇಳಿಕೊಂಡ ಜಾಗದಲ್ಲೇ, ನನಗೆ ತಿಳಿಯುವ ಭಾಷೆಯಲ್ಲಿ ಉತ್ತರ ಬಂತು. ಗುಡಿಯಲ್ಲಿ ಪ್ರಸಾದದ ಹೂವು ಬಲಕ್ಕೆ ಬೀಳಲಿ ಎಂದು ನಾನು ಕಾಯುತ್ತಿದ್ದರೆ ಅವ್ವ ಹುಬ್ಬಳ್ಳಿಯ ದಾರಿಯಲ್ಲಿರುತ್ತಿದ್ದಳು. ಅಷ್ಟು ಸಮಯವಿಲ್ಲ ಎಂದು ಬಸವಣ್ಣನಿಗೆ ಗೊತ್ತಿತ್ತು.

ಮೂರನೆಯ ದಿನ ಅವ್ವನಿಗೂ ಹೇಳಿದೆ. ದಾಖಲೆ ಕೆಡಿಸಿದ್ದು, ಮುಚ್ಚಿಟ್ಟದ್ದು, ಬಿಳಿಯದನ್ನೇ ಕೊಡಿ ಎಂದು ಒತ್ತಾಯಿಸಿದ್ದು. ಅವಳು ಗಂಜಿ ಕುಡಿಯುವುದನ್ನು ನಿಲ್ಲಿಸಿದಳು.

"ಅಂದ್ರ ಬಾಯಾರು ನಿನ್ನ ಮಾತ ಕೇಳಿದ್ರ ನಾ ಹೋಗತಿದ್ನಿ?"

"ಹೌದಬೇ."

ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ನಮ್ಮವ್ವ ಊಟವನ್ನು ಅರ್ಧಕ್ಕೆ ಬಿಟ್ಟದ್ದನ್ನೂ ನಾನು ನೋಡಿರಲಿಲ್ಲ.

"ಬಸವಣ್ಣಗ ಹೇಳಿಯೇನು?"

"ಹೇಳೀನಿ."

"ಬಾಯಾರಿಗೆ?"

"ಅವರಿಗೂ ಹೇಳೀನಿ."

"ಹಂಗಾರ ಸಾಕು. ನಿಮ್ಮಪ್ಪಗ ಹೇಳಬ್ಯಾಡ. ಅಂವಾ ಮತ್ತ ಅಳ್ತಾನ," ಎಂದು ಗಂಜಿಯ ಬಟ್ಟಲು ಎತ್ತಿಕೊಂಡಳು.

ಅವ್ವನ ಮಾತನ್ನು ಮೀರಿ ಬರೆದಿದ್ದೇನೆ. ಸೋಮವಾರದ ಭಜನೆಯಲ್ಲಿ ಇದನ್ನು ಓದುವಾಗ ಅಪ್ಪ ಎಂದಿನಂತೆ ಕಂಬಕ್ಕೆ ಒರಗಿ ಕುಳಿತಿರುತ್ತಾನೆ. ಅಪ್ಪಾ, ಅವ್ವನ ಜೀವ ಬಸವಣ್ಣ ಉಳಿಸಿದ. ತಪ್ಪನ್ನು ಬಾಯಿಬಿಟ್ಟು ಹೇಳುವ ಬುದ್ಧಿಯನ್ನು ನನಗೆ ಕೊಟ್ಟವನೂ ಅವನೇ, ಸ್ವಲ್ಪ ತಡವಾಗಿ. ಆ ಕರುಣೆಗೆ ಶರಣು. ಅಳು ಬಂದರೆ ಅತ್ತುಬಿಡು, ಪಕ್ಕದಲ್ಲಿ ಅವ್ವ ಇದ್ದಾಳೆ.