ಗುರ್ತಿನವ್ರು

ವಿಚಾರಿಸದೆಯೇ ಸಹಿ ಹಾಕಿದೆ. ಆ ಸಹಿಯ ಬಲದಿಂದ ಹೋದ ಹಣ ಒಬ್ಬನ ಜೀವ ತೆಗೆಯಿತು. ಸತ್ತವನ ಅಕ್ಕ ಗ್ರೇಸ್, ಲಂಡನ್ನಿನ ಇಲ್ಫರ್ಡ್‌ನಲ್ಲಿ ನಮ್ಮ ಪಕ್ಕದ ಮನೆಯವಳು. ಆ ಸಹಿ ನನ್ನದೆಂದು ಅವಳಿಗೆ ಗೊತ್ತಿಲ್ಲ.

ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ನನ್ನ ಕೆಲಸ ಇಷ್ಟೇ: ಹೊರದೇಶಕ್ಕೆ ಹೋಗುವ ದೊಡ್ಡ ಹಣ ಯಾರದು, ಎಲ್ಲಿಂದ ಬಂತು ಎಂದು ವಿಚಾರಿಸುವುದು. ನಾಲ್ಕು ವರ್ಷದ ಹಿಂದೆ ಒಂದು ಕಂಪನಿ ಗ್ರೇಸಳ ಪುಟ್ಟ ದ್ವೀಪದೇಶಕ್ಕೆ, ರೆಸಾರ್ಟ್ ಕಟ್ಟಲೆಂದು, ನಮ್ಮ ಬ್ಯಾಂಕಿನ ಮೂಲಕ ಹಣ ಕಳಿಸಲು ಹೊರಟಿತ್ತು. ಮಾಲೀಕರ ದಾಖಲೆಗಳೇ ಇರಲಿಲ್ಲ. ಕಂಪನಿಯ ಪರವಾಗಿ ಕಡತ ತಂದ ಏಜೆಂಟರು ಮಾತ್ರ ನಮ್ಮ ಕುಂದಾಪುರದವರು, ಈಸ್ಟ್ ಹ್ಯಾಮ್‌ನಲ್ಲಿ ನಮ್ಮ ಕಡೆಯವರ ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಪರಿಚಯವಾದವರು.

“ಹ್ವಾಯ್, ಗುರ್ತಿನವ್ರಿಗೆ ಎಂತ ಗುರ್ತಿನ ಚೀಟಿ ಮಾರಾಯ್ರೆ? ನಾನ್ ಇಲ್ಯಾ?” ಎಂದರು.

ಊರಿನ ಮಾತು ಕಿವಿಗೆ ಬಿದ್ದರೆ ಸಾಕು, ಕರಗಿ ಹೋಗುವ ಹೆಡ್ಡ ನಾನು! ಬೇರೆ ಯಾರೇ ಆಗಿದ್ದರೂ ಕಡತ ವಾಪಸ್ ಕಳಿಸುತ್ತಿದ್ದೆ. ‘ಮಾಲೀಕರ ಗುರುತು ಖಚಿತ’ ಎಂಬಲ್ಲಿ ಸಹಿ ಹಾಕಿದೆ. ನನಗೆ ಗುರುತಿದ್ದದ್ದು ಏಜೆಂಟರದು — ಮಾಲೀಕ ಯಾರೋ, ಇಂದಿಗೂ ಗೊತ್ತಿಲ್ಲ.

ರೆಸಾರ್ಟ್ ಕಟ್ಟಲೇ ಇಲ್ಲ. ಆ ಹಣ ಅಲ್ಲಿನ ಪುಂಡರ ಕೈಸೇರಿತು. ಬಂದೂಕು ಬಂತು, ದಂಡೆಯ ಮೀನುಗಾರರನ್ನು ಒಕ್ಕಲೆಬ್ಬಿಸುವ ಕೆಲಸ ಶುರುವಾಯಿತು. ಗ್ರೇಸಳ ತಮ್ಮ ಜಾಗ ಬಿಡಲಿಲ್ಲ. ಮನೆಯ ಬಾಗಿಲಲ್ಲೇ ಅವನನ್ನು ಗುಂಡಿಕ್ಕಿ ಕೊಂದರು.

ಅವನು ತೀರಿಕೊಂಡ ವಾರವೇ ಅವಳು ಫೋನಿನಲ್ಲಿ ಆ ಜಾಗದ ಬೋರ್ಡಿನ ಚಿತ್ರ ತೋರಿಸಿ, ಲಂಡನ್ನಿನಿಂದ ಬಂದ ದುಡ್ಡಿನಲ್ಲಿ ಪುಂಡರನ್ನು ಸಾಕಿದ್ದು ಇದೇ ಕಂಪನಿ ಎಂದಳು. ಕಂಪನಿಯ ಹೆಸರು — ನನ್ನ ಕಡತದ್ದೇ. “ಈ ದುಡ್ಡು ಯಾರದ್ದು ಅಂತ ಲಂಡನ್ನಿನಲ್ಲಿ ಒಬ್ಬರೂ ಕೇಳಲಿಲ್ಲವಾ?” ಎಂದಳು. ಕೇಳಬೇಕಾಗಿದ್ದವನು ಎದುರಿಗೇ ಕೂತಿದ್ದೆ. ಎದ್ದು ಅವಳಿಗೆ ಚಹಾ ಮಾಡಿಕೊಟ್ಟೆ, ಅಷ್ಟೇ. ಹೊರಡುವಾಗ ಕೈ ಹಿಡಿದು, ನಿನ್ನಂಥ ನೆರೆಯವನು ಸಿಕ್ಕಿದ್ದು ನನ್ನ ಪುಣ್ಯ ಎಂದಳು. ಅಯ್ಯೋ, ಆ ಮಾತು... ಎರಡು ವರ್ಷವಾಯಿತು, ಇನ್ನೂ ಸುಡುತ್ತಿದೆ.

ಏಜೆಂಟರನ್ನು ದೂರಲಾರೆ. ಅವರು ಕೇಳಿದರು; ಕೊಟ್ಟವನು ನಾನು. ಕಳೆದ ವಾರ ಬ್ಯಾಂಕಿಗೂ ಪೊಲೀಸರಿಗೂ ಎಲ್ಲವನ್ನೂ ಬರೆದುಕೊಟ್ಟೆ. ಕೆಲಸ ಹೋಗುತ್ತದೆ, ಹೋಗಲಿ. ಗ್ರೇಸಳಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಈ ತಪ್ಪೊಪ್ಪಿಗೆಯನ್ನೂ ಅವಳು ಓದಲಾರದ ಭಾಷೆಯಲ್ಲೇ ಬರೆಯುತ್ತಿದ್ದೇನೆ — ಎಂಥ ಹೇಡಿ ನೋಡಿ!

ಅವಳು ಈಗಷ್ಟೇ ಚರ್ಚಿನಿಂದ ಬಂದಳು. ಗೋಡೆಯಾಚೆ ಪಾತ್ರೆಯ ಸದ್ದು ಕೇಳುತ್ತಿದೆ. ಬರೆಯುವುದನ್ನು ಇಲ್ಲಿಗೇ ನಿಲ್ಲಿಸಿ, ಹೋಗಿ ಅವಳ ಬಾಗಿಲು ತಟ್ಟುತ್ತೇನೆ.